ಎರಚಲಿಗೆ ಎದುರು ನಿಂತ ಮರದ ಬಾಗಿಲು: ಪಾಲಿಶ್, ಪೇಂಟ್, ಎಣ್ಣೆ, ಯಾವುದು ಮತ್ತು ಹೇಗೆ

"ತೇಗದ ಬಾಗಿಲು, ದುಡ್ಡು ಕೊಟ್ಟು ಒಳ್ಳೆ ಪಾಲಿಶ್ ಮಾಡಿಸಿದ್ವಿ, ಎರಡು ಮಳೆಗಾಲಕ್ಕೇ ಸಿಪ್ಪೆ ಎದ್ದು ಬಂತು. ಯಾವ ಕಂಪನಿದು ಹಾಕಿಸಿದ್ರೆ ನಿಲ್ಲುತ್ತೆ ಹೇಳಿ." ಮೂಡಿಗೆರೆ, ಕೊಪ್ಪ, ಸಕಲೇಶಪುರದವರು ಇದನ್ನು ಕೇಳುತ್ತಲೇ ಇರುತ್ತಾರೆ. ಮಳೆ ಕಮ್ಮಿ ಇರುವ ಅರಸೀಕೆರೆ, ಕಡೂರಿನವರೂ ಕೇಳುತ್ತಾರೆ, ಅಲ್ಲಿ ಬಿಸಿಲಿನ ಕಾಟ. ಕಂಪನಿ ಹೆಸರು ಕೇಳುವುದು ತಪ್ಪಲ್ಲ, ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕದದ ತಲೆ ಮತ್ತು ಪಾದ ನೋಡಿ. ಅಂದರೆ ಮೇಲಿನ ಅಂಚು, ಕೆಳಗಿನ ಅಂಚು. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಅಲ್ಲಿ ಪಾಲಿಶ್ ಒಂದು ಹನಿಯೂ ಬಿದ್ದಿರುವುದಿಲ್ಲ, ಯಾಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ.

ಬಾಗಿಲು ಎಲ್ಲಿಂದ ಹಾಳಾಗುತ್ತದೆ

ಮರದ ನಾರು ಉದ್ದಕ್ಕೆ ಇರುತ್ತದೆ. ಅಡ್ಡ ಕೊಯ್ದ ಕಡೆ ಆ ನಾರಿನ ಬಾಯಿಗಳೆಲ್ಲ ತೆರೆದಿರುತ್ತವೆ, ಸ್ಟ್ರಾಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ. ಹಲಗೆಯ ಮುಖ ಕುಡಿಯುವ ನೀರಿಗಿಂತ ಈ ತುದಿ ಕುಡಿಯುವ ನೀರು ಎಷ್ಟೋ ಪಟ್ಟು ಜಾಸ್ತಿ. ಪ್ಯಾನೆಲ್ ಬಾಗಿಲಿನಲ್ಲಿ ಎಡಕ್ಕೆ ಬಲಕ್ಕೆ ನಿಂತಿರುವ ಎರಡು ಉದ್ದ ಪಟ್ಟಿಗಳಿವೆಯಲ್ಲ, ಅವುಗಳ ಕೊಯ್ದ ತುದಿ ಮೇಲೆ ಮತ್ತು ಕೆಳಗೆ ಬಂದಿರುತ್ತದೆ. ಎರಚಲು ಹೊಡೆದಾಗ ಕದದ ಮುಖದ ಮೇಲೆ ಇಳಿದ ನೀರು ಪಾದಕ್ಕೆ ಬಂದು ಅಲ್ಲೇ ತೊಟ್ಟಿಕ್ಕುತ್ತಾ ನಿಲ್ಲುತ್ತದೆ, ತುದಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮುಖಕ್ಕೆ ಪಾಲಿಶ್ ಇರುವುದರಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಆಮೇಲೆ ಬಿಸಿಲು ಬಿದ್ದಾಗ ಆ ತೇವ ಪಾಲಿಶನ್ನು ಒಳಗಿನಿಂದಲೇ ತಳ್ಳಿ ಎಬ್ಬಿಸುತ್ತದೆ. ಸಿಪ್ಪೆ ಯಾವಾಗಲೂ ಕೆಳಗಿನ ಒಂದಡಿಯಲ್ಲೇ ಮೊದಲು ಏಳುವುದಕ್ಕೆ ಇದೇ ಕಾರಣ. ಅಂಗಳದಿಂದ ಪುಟಿದು ಬರುವ ನೀರೂ ಅದಕ್ಕೆ ಸೇರಿಕೊಳ್ಳುತ್ತದೆ.

ಇನ್ನೊಂದು ಶತ್ರು ಬಿಸಿಲು. ಪಾರದರ್ಶಕ ಪಾಲಿಶ್ ಅಂದರೆ ಬೆಳಕೂ ಒಳಗೆ ಹೋಗುತ್ತದೆ ಎಂದೇ ಅರ್ಥ. ಬಿಸಿಲಿನ ಅತಿನೇರಳೆ ಕಿರಣ ಮರದ ನಾರುಗಳನ್ನು ಹಿಡಿದಿಡುವ ಅಂಟಿನಂಥ ಅಂಶವನ್ನು, ಅಂದರೆ ಲಿಗ್ನಿನ್ ಎಂಬುದನ್ನು, ಮುರಿಯುತ್ತದೆ. ಮೇಲ್ಪದರ ಸತ್ತು ಪುಡಿಯಾಗುತ್ತದೆ. ಪಾಲಿಶ್ ಚೆನ್ನಾಗೇ ಇರಬಹುದು, ಆದರೆ ಅದು ಹಿಡಿದುಕೊಂಡಿದ್ದ ಮರವೇ ಸಡಿಲವಾದರೆ ಅದಾದರೂ ಏನು ಮಾಡೀತು. ಪಡುವಣಕ್ಕೆ ಮುಖ ಮಾಡಿದ ಬಾಗಿಲಿಗೆ ನಮ್ಮಲ್ಲಿ ಎರಡೂ ಪೆಟ್ಟು ಬೀಳುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು, ಆರಿದ್ರಾ ಮಳೆಯಿಂದ ಆಚೆಗೆ ಎರಚಲು.

ಇದರಿಂದ ಒಂದು ಮಾತು ಸ್ಪಷ್ಟ. ಬಾಗಿಲ ಮೇಲೆ ಎಷ್ಟು ಚಾಚಿಕೊಂಡ ಮಾಡು ಅಥವಾ ಸಜ್ಜಾ ಇದೆ ಎನ್ನುವುದು ಪಾಲಿಶ್ ಬೆಲೆಗಿಂತ ಮುಖ್ಯ. ಹೊಸ್ತಿಲಿನಿಂದ ಸಜ್ಜಾದವರೆಗಿನ ಎತ್ತರ ಎಷ್ಟಿದೆಯೋ ಅದರ ಅರ್ಧದಷ್ಟಾದರೂ ಸಜ್ಜಾ ಮುಂದೆ ಬಂದಿರಲಿ, ಪಡುವಣದ ಬಾಗಿಲಿಗೆ ಇನ್ನೂ ಜಾಸ್ತಿ. ಹೊಸ ಮನೆಗಳಲ್ಲಿ ಒಂದೂವರೆ ಅಡಿ ಕಾಂಕ್ರೀಟ್ ತುಂಡು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಹಳೆಯ ಮನೆಗಳಲ್ಲಿ ಜಗಲಿ ದಾಟಿ ಒಳಗೆ ಬಾಗಿಲು ಇರುತ್ತಿತ್ತು, ಮಳೆಗಾಲಕ್ಕೆ ಜಗಲಿಗೂ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ಬಾಗಿಲುಗಳು ಪಾಲಿಶ್‌ನಿಂದ ಉಳಿದದ್ದಲ್ಲ.

ಯಾವಾಗ ಮಾಡಬೇಕು

ಮಲೆನಾಡಿನಲ್ಲಿ ಜನವರಿ ಕೊನೆಯಿಂದ ಮಾರ್ಚ್. ಅಕ್ಟೋಬರ್‌ನಲ್ಲಿ ಮಳೆ ನಿಂತ ಕೂಡಲೇ ಕೈ ಹಾಕಬೇಡಿ, ಮರ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ತೇವ ಅಳೆಯುವ ಮೀಟರ್ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದು ಶೇಕಡಾ 15ಕ್ಕಿಂತ ಕಡಿಮೆ ತೋರಿಸಿದರೆ ಶುರು ಮಾಡಬಹುದು, 12ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮೀಟರ್ ಇಲ್ಲದಿದ್ದರೆ ಮಳೆಗಾಲದಲ್ಲಿ ಬಿಗಿಯಾಗಿದ್ದ ಕದ ಈಗ ಸಲೀಸಾಗಿ ಹಾಕಿ ತೆಗೆಯಲು ಬರುತ್ತಿದೆಯೇ ನೋಡಿ.

ಎರಡು ಎಚ್ಚರಿಕೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಹೂಮಳೆ ಬರುವುದನ್ನು ಮರೆಯಬೇಡಿ, ತೋಟಕ್ಕೆ ಅದು ಬೇಕು, ಒದ್ದೆ ಪಾಲಿಶ್‌ಗೆ ಬೇಡ. ಮತ್ತೆ ಇಬ್ಬನಿ. ಸಂಜೆ ಐದಕ್ಕೆ ಹಚ್ಚಿದ ಪಾಲಿಶ್ ರಾತ್ರಿ ತೇವ ಹಿಡಿದು ಬೆಳಗ್ಗೆ ಬೆಳ್ಳಗೆ ಮಬ್ಬಾಗಿರುತ್ತದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ ಹಚ್ಚುವ ಕೆಲಸ ಮುಗಿಸಿ. ಕಣದಲ್ಲಿ ಕಾಫಿ ಒಣ ಹಾಕಿದ್ದರೆ ಅದರ ಪಕ್ಕ ಬೇಡ, ಆ ಧೂಳೆಲ್ಲ ಬಾಗಿಲ ಮೇಲೇ ಕೂರುತ್ತದೆ. ಬಯಲುಸೀಮೆಯ ಕಡೆಯವರಿಗೆ ದಿನಗಳು ಹೆಚ್ಚು ಸಿಗುತ್ತವೆ, ಆದರೆ ನೇರ ಬಿಸಿಲಿನಲ್ಲಿಟ್ಟು ಹಚ್ಚಬೇಡಿ. ಥಿನ್ನರ್ ಬೇಗ ಆರಿ ಬ್ರಷ್ ಗೆರೆ, ಗುಳ್ಳೆ ಎರಡೂ ಉಳಿದುಬಿಡುತ್ತವೆ.

ಮರ ಯಾವುದು ಅಂತ ತಿಳಿದುಕೊಳ್ಳಿ

ತೇಗದಲ್ಲಿ ಸ್ವಾಭಾವಿಕ ಎಣ್ಣೆ ಇದೆ, ಅದಕ್ಕೇ ಬಾಳಿಕೆ. ಅದೇ ಎಣ್ಣೆ ಪಾಲಿಶ್ ಹಿಡಿಯದಂತೆಯೂ ಮಾಡುತ್ತದೆ, ಹಾಗಾಗಿ ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಹೊನ್ನೆ ಗಟ್ಟಿ ಮರ, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆಯ ಮೇಲೆ ಹಳದಿ ಕಲೆ ಇಳಿಯುತ್ತದೆ. ಎಲ್ಲಾ ಕಡೆ ಸೀಲ್ ಮಾಡದೆ ಅದನ್ನು ಹೊರಗೆ ಬಿಡಬೇಡಿ. ಹಲಸು ಚೆನ್ನ. ತೋಟದಲ್ಲಿ ಹೇಗೂ ಇದೆ ಅಂತ ಸಿಲ್ವರ್ (ಸಿಲ್ವರ್ ಓಕ್) ಮರ ಕೊಯ್ಸಿ ಮುಂಬಾಗಿಲು ಮಾಡಿಸುವವರಿದ್ದಾರೆ. ಒಳಬಾಗಿಲಿಗೆ ಸರಿ, ಹೊರಗೆ ಅದು ಬಾಳುವುದಿಲ್ಲ, ಹುಳವೂ ಬೇಗ ಹಿಡಿಯುತ್ತದೆ. ಈಗಾಗಲೇ ಮಾಡಿಸಿಬಿಟ್ಟಿದ್ದರೆ ಪಾಲಿಶ್ ಆಸೆ ಬಿಟ್ಟು ಪೇಂಟ್ ಹೊಡೆಯಿರಿ. ಫ್ಲಶ್ ಡೋರ್, ಅಂದರೆ ಪ್ಲೈ ಅಂಟಿಸಿದ ನಯವಾದ ಬಾಗಿಲು, ಹೊರಗೆ ಹಾಕುವುದಾದರೆ ಬಿಡಬ್ಲ್ಯುಪಿ ಅಂತ ಬರೆದದ್ದನ್ನೇ ಕೇಳಿ. ಕುದಿಯುವ ನೀರಿಗೂ ಅಂಟು ಬಿಡದ ದರ್ಜೆ ಅದು.

ಏನು ಹಚ್ಚಬೇಕು

ಅಂಗಡಿಯಲ್ಲಿ ಎಲ್ಲವನ್ನೂ "ಪಾಲಿಶ್" ಎಂದೇ ಕೊಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಫ್ರೆಂಚ್ ಪಾಲಿಶ್ ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ನೋಡಲು ಚಂದ, ನೀರು ಬಿದ್ದರೆ ಬೆಳ್ಳಗಾಗುತ್ತದೆ. ದೇವರ ಕೋಣೆಯ ಬಾಗಿಲಿಗೆ ಇರಲಿ. ಮೆಲಮೈನ್ ಗಾಜಿನ ಥರ ಗಟ್ಟಿಯಾಗುತ್ತದೆ, ಮರ ಹಿಗ್ಗಿ ಕುಗ್ಗಿದಾಗ ಅದಕ್ಕೆ ಬಗ್ಗಲು ಬರುವುದಿಲ್ಲ, ಸೀಳುತ್ತದೆ. ಇದೂ ಒಳಗಡೆಗೆ ಮಾತ್ರ. "ಮುಂಬಾಗಿಲಿಗೆ ಮೆಲಮೈನ್ ಸಾಕು ಸಾರ್, ಎಲ್ಲಾ ಕಡೆ ಅದನ್ನೇ ಮಾಡ್ತೀವಿ" ಎನ್ನುವ ಪಾಲಿಶ್‌ನವರು ಬಹಳ ಇದ್ದಾರೆ, ಒಪ್ಪಬೇಡಿ.

ಪಿಯು, ಅಂದರೆ ಪಾಲಿಯುರೆಥೇನ್, ಎರಡು ಬಗೆ. ಒಳಗಿನದು, ಹೊರಗಿನದು. ಹೊರಗಿನದರಲ್ಲಿ ಅತಿನೇರಳೆ ಕಿರಣ ತಡೆಯುವ ಅಂಶ ಸೇರಿಸಿರುತ್ತಾರೆ, ಪದರವೂ ಸ್ವಲ್ಪ ಬಗ್ಗುತ್ತದೆ. ಡಬ್ಬಿಯ ಮೇಲೆ "ಎಕ್ಸ್‌ಟೀರಿಯರ್" ಅಂತ ಇದೆಯೇ ಎಂದು ನಿಮ್ಮ ಕಣ್ಣಲ್ಲೇ ಓದಿ. ಮರದ ಗೆರೆ ಕಾಣಲೇಬೇಕು ಎನ್ನುವವರಿಗೆ ಇದೇ ಸರಿ. ಪೂರ್ತಿ ಬಣ್ಣವಿಲ್ಲದ್ದಕ್ಕಿಂತ ಸ್ವಲ್ಪ ಕಂದು ಛಾಯೆ ಇರುವುದು ಬಿಸಿಲಿಗೆ ಹೆಚ್ಚು ನಿಲ್ಲುತ್ತದೆ. ಆದರೆ ತೀರಾ ಕಪ್ಪು ಬಣ್ಣಕ್ಕೆ ಹೋಗಬೇಡಿ, ಬಿಸಿಲಿಗೆ ಕಾದು ಹಲಗೆ ಬಿರಿಯುತ್ತದೆ.

ಎನಾಮಲ್ ಪೇಂಟ್. ಯಾರಿಗೂ ಇಷ್ಟವಿಲ್ಲ, ಆದರೆ ಸಜ್ಜಾ ಇಲ್ಲದ, ಎರಚಲು ನೇರ ಹೊಡೆಯುವ ಬಾಗಿಲಿಗೆ ನಾನು ಹೇಳುವುದು ಇದನ್ನೇ. ಬಣ್ಣದ ಪುಡಿ ಬಿಸಿಲನ್ನು ಮರಕ್ಕೆ ಮುಟ್ಟಲೇ ಬಿಡುವುದಿಲ್ಲ. ಹಿತ್ತಲ ಬಾಗಿಲು, ಬಚ್ಚಲುಮನೆ ಬಾಗಿಲು, ಕೊಟ್ಟಿಗೆ ಬಾಗಿಲಿಗೆ ಬೇರೆ ಯೋಚನೆಯೇ ಬೇಡ.

ಎಣ್ಣೆ. ಅಗಸೆ ಎಣ್ಣೆಯಲ್ಲಿ ಹಸಿಯದು ಒಣಗಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, "ಡಬಲ್ ಬಾಯ್ಲ್ಡ್" ಅಂತ ಕೇಳಿ ತನ್ನಿ. ಎಣ್ಣೆ ಸಿಪ್ಪೆ ಏಳುವುದಿಲ್ಲ, ಮತ್ತೆ ಹಚ್ಚುವುದೂ ಸುಲಭ. ತೊಂದರೆ ಏನೆಂದರೆ ಶೃಂಗೇರಿ, ಕೊಟ್ಟಿಗೆಹಾರದಂಥ ಕಡೆ ಆಷಾಢದ ಥಂಡಿಗೆ ಅಗಸೆ ಎಣ್ಣೆಯ ಮೇಲೆ ಬೂಷ್ಟು ಕೂತು ಬಾಗಿಲು ಕಪ್ಪಗಾಗುತ್ತದೆ. ಬಯಲು ಕಡೆಗೆ ಒಪ್ಪುತ್ತದೆ. ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು, ಗೆದ್ದಲಿಗೆ ಗಟ್ಟಿಯಾದ ಮದ್ದು. ಆದರೆ ಮರ ಕಪ್ಪು ಕಂದಾಗುತ್ತದೆ, ಕೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಮಾಡಿನ ಜಂತಿ, ಪಕಾಸಿಗೆ ಹಚ್ಚಲಿ, ದಿನಾ ಕೈ ಇಡುವ ಕದಕ್ಕೆ ಬೇಡ.

ಬೇಕಾಗುವ ಸಾಮಾನು

ಉಪ್ಪು ಕಾಗದ 80, 120, 180, 220, 320 ನಂಬರಿನವು (ನಂಬರ್ ಜಾಸ್ತಿ ಆದಷ್ಟು ನಯ), ಸ್ಕ್ರೇಪರ್, ಪೇಂಟ್ ರಿಮೂವರ್, ಎರಡು ಒಳ್ಳೆ ಬ್ರಷ್, ನೂಲು ಬಿಡದ ಹತ್ತಿ ಬಟ್ಟೆ, ರಬ್ಬರ್ ಗ್ಲೋವ್ಸ್, ಮಾಸ್ಕ್, ಎರಡು ಟ್ಯೂಬಿನ ಎಪಾಕ್ಸಿ ಅಂಟು, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಕದ ಮಲಗಿಸಲು ಎರಡು ಬೆಂಚು. ಏಳಡಿ ಮೂರಡಿಯ ಒಂದು ಕದಕ್ಕೆ ಎರಡೂ ಮಗ್ಗುಲು ಸೇರಿ ಎರಡು ಕೋಟ್‌ಗೆ, ಅಂದರೆ ಎರಡು ಸಲ ಬಳಿಯಲು, ಒಂದು ಲೀಟರ್ ಎನಾಮಲ್ ಸಾಕು. ಸ್ಟೀಲ್ ಉಣ್ಣೆ ತರಬೇಡಿ. ಅದರ ಚೂರು ಮರದಲ್ಲಿ ಉಳಿದು ತುಕ್ಕು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ.

ಕೆಲಸದ ಹಂತಗಳು

1. ಮೊದಲು ಪರೀಕ್ಷೆ. ಕದದ ಮೇಲೆ, ಅದರಲ್ಲೂ ಕೆಳಗಿನ ಒಂದಡಿಯಲ್ಲಿ, ನೀರು ಚಿಮುಕಿಸಿ. ಹನಿ ಹನಿಯಾಗಿ ನಿಂತರೆ ಪದರ ಇನ್ನೂ ಜೀವಂತ ಇದೆ, ಪೂರ್ತಿ ಕಿತ್ತು ಹಾಕುವ ಅಗತ್ಯವಿಲ್ಲ, 320ರಲ್ಲಿ ಹಗುರವಾಗಿ ಉಜ್ಜಿ ಅದೇ ಜಾತಿಯ ಒಂದು ಕೋಟ್ ಕೊಟ್ಟರೆ ಆಯಿತು. ಎರಡು ಮೂರು ನಿಮಿಷದಲ್ಲಿ ಮರ ಕಪ್ಪಾದರೆ ಪದರ ಸತ್ತಿದೆ. ಹಳೆಯದು ಯಾವ ಪಾಲಿಶ್ ಅಂತ ಗೊತ್ತಿಲ್ಲವೇ? ಕಾಣದ ಮೂಲೆಯಲ್ಲಿ ಸ್ಪಿರಿಟ್ ಹತ್ತಿ ಒತ್ತಿ. ಅಂಟಂಟಾದರೆ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು ಇರಬಹುದು. ಫ್ರೆಂಚ್ ಪಾಲಿಶ್ ಮೇಲೆ ಸುಮ್ನೆ ಪಿಯು ಬಳಿದರೆ ಹಿಡಿಯುವುದಿಲ್ಲ.

2. ಕದ ಇಳಿಸಿ. ನಿಂತ ಬಾಗಿಲಿಗೆ ಪಾಲಿಶ್ ಹೊಡೆದು ಹೋಗುವವರೇ ಜಾಸ್ತಿ. ಇಳಿಸದೆ ಪಾದಕ್ಕೆ ಬ್ರಷ್ ಹೋಗುವುದೇ ಇಲ್ಲ. ಇಬ್ಬರು ಬೇಕು, ತೇಗದ ಕದ ಭಾರ ಇರುತ್ತದೆ. ಕೀಲುಗಳನ್ನು ಬಿಚ್ಚುವಾಗ ಕೆಳಗಿನದರಿಂದ ಶುರು ಮಾಡಿ, ಮೇಲಿನದನ್ನು ಕೊನೆಗೆ ಬಿಚ್ಚಿ. ಚಿಲಕ, ಬೀಗ, ಹಿಡಿ ಎಲ್ಲ ತೆಗೆಯಿರಿ, ಅವುಗಳ ಸುತ್ತ ಬ್ರಷ್ ಓಡಿಸಿದರೆ ಅಡಿಯಲ್ಲಿ ಹಸಿ ಮರ ಹಾಗೇ ಉಳಿಯುತ್ತದೆ. ಕೆಲಸ ಮುಗಿಯುವವರೆಗೆ ರಾತ್ರಿ ಹೊತ್ತು ಬಾಗಿಲಿಲ್ಲದ ಮನೆ ಆಗುತ್ತದೆ ಎನ್ನುವುದನ್ನು ಮನೆಯವರಿಗೆ ಮೊದಲೇ ಹೇಳಿ, ಒಂದು ಪ್ಲೈ ತುಂಡು ತಂದಿಡಿ.

3. ಹಳೆಯದನ್ನು ತೆಗೆಯಿರಿ. ರಿಮೂವರ್ ದಪ್ಪಗೆ ಹಚ್ಚಿ, ಉಬ್ಬಿ ಬಂದ ಮೇಲೆ ಸ್ಕ್ರೇಪರ್‌ನಲ್ಲಿ ನಾರಿನ ಉದ್ದಕ್ಕೆ ಎಳೆಯಿರಿ. ಬಯಲಲ್ಲೇ ಮಾಡಿ, ಗ್ಲೋವ್ಸ್ ಹಾಕಿಕೊಂಡೇ ಮಾಡಿ. ಕೆತ್ತನೆ ಇದ್ದರೆ ಹಳೇ ಟೂತ್‌ಬ್ರಷ್ ಬಳಸಿ.

ಹಳೆ ಮನೆಯ ಪೇಂಟ್ ಆದರೆ ಇಲ್ಲಿ ಹುಷಾರು. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸದ ಅಂಶ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಸುಡಬೇಡಿ. ರಿಮೂವರ್ ಹಾಕಿ ಒದ್ದೆಯಾಗಿಯೇ ತೆಗೆಯಿರಿ, ಚೂರುಗಳನ್ನು ಕಾಗದದ ಮೇಲೆ ಹಿಡಿದು ಕಟ್ಟಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೋಳಿ ಓಡಾಡುವ ಅಂಗಳದಲ್ಲೂ ಬೇಡ.

4. ಕಲೆ, ಹುಳ, ಬಿರುಕು. ಬೂದು ಬಣ್ಣಕ್ಕೆ ತಿರುಗಿದ ಮೇಲ್ಪದರ ಉಜ್ಜಿದರೆ ಹೋಗುತ್ತದೆ. ಮೊಳೆ, ಕೀಲಿನ ಸುತ್ತ ಕಪ್ಪಗಾಗಿರುತ್ತದಲ್ಲ, ಅದು ಬೇರೆ ಕಥೆ. ಕಬ್ಬಿಣ ಮತ್ತು ಮರದ ಒಗರು ಸೇರಿ ಆದ ಕಲೆ ಅದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆಕ್ಸಾಲಿಕ್ ಆಮ್ಲದ ಹರಳನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆಯಿರಿ. ಅದು ವಿಷ, ಅಡುಗೆ ಪಾತ್ರೆ ಬಳಸಬೇಡಿ, ಪ್ಲಾಸ್ಟಿಕ್ ಡಬ್ಬ ಸಾಕು. ತೊಳೆದ ಮೇಲೆ ಮತ್ತೆ ಪೂರ್ತಿ ಒಣಗಬೇಕು, ಅವಸರ ಮಾಡಬೇಡಿ.

ಕುಟ್ಟೆ ಹುಳದ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಮೊದಲು ಮರದ ಕೀಟನಾಶಕವನ್ನು ಸಿರಿಂಜ್‌ನಲ್ಲಿ ಬಿಡಿ, ಒಣಗಿಸಿ, ಆಮೇಲೆ ಮುಚ್ಚಿ.

ಬಿರುಕಿಗೆ ಬಡಗಿಗಳು ಮರದ ಹುಡಿ ಮತ್ತು ಫೆವಿಕಾಲ್ ಕಲಸಿ ತುಂಬುವುದು ವಾಡಿಕೆ. ಒಳಗಡೆಗೆ ನಡೆಯುತ್ತದೆ. ಹೊರಗೆ ಮಾಮೂಲಿ ಬಿಳಿ ಅಂಟು ನೀರು ಕುಡಿದು ಮೆತ್ತಗಾಗುತ್ತದೆ. ಎಪಾಕ್ಸಿಗೆ ಅದೇ ಮರದ ನಯವಾದ ಹುಡಿ ಬೆರೆಸಿ ತುಂಬಿ. ಅಗಲವಾದ ಉದ್ದ ಸೀಳಿದ್ದರೆ ಆಚಾರ್ರಿಗೆ ಹೇಳಿ ಅದೇ ಮರದ ಚಕ್ಕೆ ಕೂರಿಸಿ. ಆದರೆ ಪ್ಯಾನೆಲ್ ಹಲಗೆ ಮತ್ತು ಸುತ್ತಲಿನ ಪಟ್ಟಿಯ ನಡುವೆ ಇರುವ ಸಂದನ್ನು ದಯವಿಟ್ಟು ತುಂಬಬೇಡಿ. ಆ ಹಲಗೆಯನ್ನು ಅಂಟಿಸದೆ ಗಾಡಿಯಲ್ಲಿ, ಅಂದರೆ ಪಟ್ಟಿಯಲ್ಲಿ ಕೊರೆದ ಕಚ್ಚಿನಲ್ಲಿ, ಸಡಿಲವಾಗಿ ಕೂರಿಸಿರುವುದೇ ಅದು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಲಿ ಅಂತ. ಅಲ್ಲಿ ಎಂ-ಸೀಲ್ ಮೆತ್ತಿದರೆ ಹಲಗೆಗೆ ಜಾಗವಿಲ್ಲದೆ ನಡುವೆ ಸೀಳಿಬಿಡುತ್ತದೆ.

ಗೋಡೆಗೆ ಹಚ್ಚುವ ಪುಟ್ಟಿಯನ್ನು ಬಾಗಿಲಿಗೆ ಮೆತ್ತುವುದು ಇನ್ನೊಂದು ಮಾಮೂಲಿ ತಪ್ಪು. ಅದು ಸಿಮೆಂಟ್ ಜಾತಿ. ಮರ ಅಲುಗಿದರೆ ಅದು ಉದುರುತ್ತದೆ.

5. ಉಜ್ಜುವುದು. 80ರಿಂದ ಶುರು ಮಾಡಿ 120, 180, ಪಾಲಿಶ್ ಆದರೆ 220ಕ್ಕೆ ನಿಲ್ಲಿಸಿ. ಯಾವಾಗಲೂ ನಾರಿನ ಉದ್ದಕ್ಕೆ. ಇನ್ನೂ ನಯ ಮಾಡಿದರೆ ಮರ ಮೊದಲ ಕೋಟನ್ನು ಹೀರುವುದಿಲ್ಲ. ಎಣ್ಣೆಗೆ 180 ಸಾಕು, ಪೇಂಟ್‌ಗೂ ಅಷ್ಟೇ. ಚೂಪಾದ ಮೂಲೆಗಳನ್ನು ಸ್ವಲ್ಪವೇ ದುಂಡಗೆ ಮಾಡಿ. ಚೂಪು ಅಂಚಿನಲ್ಲಿ ಪಾಲಿಶ್ ತೆಳ್ಳಗೆ ನಿಲ್ಲುತ್ತದೆ, ಅಲ್ಲಿಂದಲೇ ಮೊದಲು ಬಿಡುತ್ತದೆ. ಧೂಳನ್ನು ಬ್ರಷ್‌ನಲ್ಲಿ ಗುಡಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ತೇಗ ಆದರೆ ಬಟ್ಟೆಗೆ ಹಳದಿ ಬರುವುದು ನಿಲ್ಲುವವರೆಗೆ.

6. ತಲೆ ಮತ್ತು ಪಾದ. ಬೇರೆ ಎಲ್ಲಕ್ಕಿಂತ ಮೊದಲು ಇದು. ಕದವನ್ನು ಅಡ್ಡ ನಿಲ್ಲಿಸಿ ಮೇಲಿನ, ಕೆಳಗಿನ ಅಂಚಿಗೆ ತೆಳು ಮಾಡಿದ ಸೀಲರ್, ಅಂದರೆ ಮರದ ರಂಧ್ರ ಮುಚ್ಚುವ ಮೊದಲ ಕೋಟ್ (ಪೇಂಟ್ ಆದರೆ ತೆಳು ಮಾಡಿದ ಪ್ರೈಮರ್), ತುಂಬಿಸಿ ಹಚ್ಚಿ. ನೋಡುತ್ತಿದ್ದಂತೆಯೇ ಕುಡಿದುಬಿಡುತ್ತದೆ. ಹೊಳಪು ಮಾಯವಾಗಿ ಒಣ ಮರದ ಹಾಗೆ ಕಂಡರೆ ಮತ್ತೆ ಹಚ್ಚಿ. ಕುಡಿಯುವುದು ನಿಲ್ಲುವವರೆಗೆ ಕೊಡುತ್ತಲೇ ಇರಿ, ಮೂರು ನಾಲ್ಕು ಸಲ ಆಗಬಹುದು. ಆಮೇಲೆ ಉಳಿದ ಕೋಟ್‌ಗಳೂ ಇಲ್ಲಿಗೆ ತಪ್ಪದೆ ಬರಬೇಕು. ಬೀಗಕ್ಕೆ ಕೊರೆದ ತೂತು, ಕೀಲು ಕೂರುವ ಗಾಡಿ, ಐಪೀಸ್ (ಹೊರಗೆ ಇಣುಕುವ ಗಾಜು) ತೂತು, ಇವೆಲ್ಲದರ ಒಳಗೂ ಸಣ್ಣ ಬ್ರಷ್ ಹೋಗಲಿ.

ಕೂಲಿಗೆ ಮಾಡಿಸುತ್ತಿದ್ದರೆ ಈ ಹಂತದಲ್ಲಿ ಮಾತ್ರ ನೀವು ಎದುರಿಗೇ ಇರಿ. ಉಳಿದದ್ದಕ್ಕೆ ಅವರ ಕೈ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ, ಇದನ್ನು ಮಾತ್ರ ಬಿಟ್ಟುಬಿಡುತ್ತಾರೆ.

7. ಕೋಟ್ ಹಾಕುವುದು.

ಪಿಯು ಆದರೆ ಎರಡು ಡಬ್ಬಿ ಬರುತ್ತದೆ, ಬೇಸ್ ಮತ್ತು ಹಾರ್ಡ್‌ನರ್. ಹಾರ್ಡ್‌ನರ್ ಅಂದರೆ ಗಟ್ಟಿ ಮಾಡುವ ದ್ರವ. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಅಳತೆ ಲೋಟದಲ್ಲಿ ಅಳೆದೇ ಬೆರೆಸಿ, ಕಣ್ಣಂದಾಜು ಬೇಡ. ಬೆರೆಸಿದ ಮೇಲೆ ಕೆಲವು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಒಂದು ಕೋಟ್‌ಗೆ ಬೇಕಾದಷ್ಟೇ ಬೆರೆಸಿ. ಮೊದಲು ಸೀಲರ್ ಎರಡು ಕೋಟ್, ನಡುವೆ 320ರಲ್ಲಿ ಹಗುರ ಉಜ್ಜು, ಆಮೇಲೆ ಟಾಪ್ ಕೋಟ್ ಎರಡು ಅಥವಾ ಮೂರು. ಎರಡು ಕೋಟ್ ನಡುವೆ ಎಷ್ಟು ಹೊತ್ತು ಬಿಡಬೇಕು ಎನ್ನುವುದೂ ಡಬ್ಬಿಯ ಮೇಲಿರುತ್ತದೆ, ನಮ್ಮ ಥಂಡಿ ಹವಾಗೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಡಿ. ಸ್ಪ್ರೇ ಮಾಡಿಸಿದರೆ ಆ ಹಾರ್ಡ್‌ನರ್‌ನ ಆವಿ ಶ್ವಾಸಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸಾಲದು, ಆವಿ ತಡೆಯುವ ಫಿಲ್ಟರ್ ಇರುವುದೇ ಬೇಕು. ಆಸ್ತಮಾ ಇರುವವರು ಆ ಕಡೆ ಹೋಗಲೇಬಾರದು.

ಎನಾಮಲ್ ಆದರೆ ವುಡ್ ಪ್ರೈಮರ್ ಒಂದು ಕೋಟ್, ಒಣಗಿದ ಮೇಲೆ ಮರದ ಪುಟ್ಟಿ, ಉಜ್ಜಿ ಮತ್ತೊಂದು ಪ್ರೈಮರ್, ಆಮೇಲೆ ಎನಾಮಲ್ ಎರಡು ತೆಳು ಕೋಟ್. ಒಂದೇ ದಪ್ಪ ಕೋಟ್ ಹೊಡೆದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ.

ಎಣ್ಣೆ ಆದರೆ ಮೊದಲ ಸಲ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮರ ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸದಿದ್ದರೆ ತಿಂಗಳಾದರೂ ಕೈಗೆ ಅಂಟುತ್ತದೆ. ಆಮೇಲೆ ಬರೀ ಎಣ್ಣೆ ಎರಡು ಸಲ, ಪ್ರತಿ ಸಲವೂ ಒಣಗಲು ಒಂದೆರಡು ದಿನ ಬಿಟ್ಟು. ಇದನ್ನು ಚೆನ್ನಾಗಿ ನೆನಪಿಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ, ಬೆಂಕಿ ಕಡ್ಡಿ ಇಲ್ಲದೆಯೇ ಹತ್ತಿಕೊಳ್ಳುತ್ತದೆ. ಸೌದೆ ಕೊಟ್ಟಿಗೆ, ಕಾಫಿ ಚೀಲ ಇಟ್ಟ ಗೋದಾಮಿನ ಹತ್ತಿರವಂತೂ ಬೇಡವೇ ಬೇಡ. ಹರಡಿ ಬಯಲಲ್ಲಿ ಒಣಗಿಸಿ, ಇಲ್ಲ ನೀರಿನಲ್ಲಿ ಮುಳುಗಿಸಿಡಿ.

ಯಾವುದೇ ಆಗಲಿ, ಕದದ ಒಳಮಗ್ಗುಲಿಗೂ ಹೊರಮಗ್ಗುಲಿನಷ್ಟೇ ಕೋಟ್ ಕೊಡಿ. ಹೊರಗೆ ಐದು, ಒಳಗೆ ಒಂದು ಅಂತ ಉಳಿತಾಯ ಮಾಡಿದರೆ ಎರಡು ಮಗ್ಗುಲು ಬೇರೆ ಬೇರೆ ಪ್ರಮಾಣದಲ್ಲಿ ತೇವ ಹೀರಿ ಕದ ಬಾಗುತ್ತದೆ. ಬಾಗಿದ ಕದವನ್ನು ನೇರ ಮಾಡಲು ಯಾವ ಆಚಾರ್ರಿಗೂ ಆಗುವುದಿಲ್ಲ.

8. ದಾರಂದ. ಕದಕ್ಕೆ ಕೊಟ್ಟ ಗಮನ ಯಾರೂ ಚೌಕಟ್ಟಿಗೆ ಕೊಡುವುದಿಲ್ಲ. ಹೊಸದಾಗಿ ಕೂರಿಸುವುದಾದರೆ ಗೋಡೆಗೆ, ನೆಲಕ್ಕೆ ತಾಗುವ ಭಾಗಕ್ಕೆ ಮೊದಲೇ ಗೆದ್ದಲಿನ ಔಷಧಿ ಹಚ್ಚಿ, ಒಣಗಿದ ಮೇಲೆ ಡಾಂಬರು ಜಾತಿಯ ಕಪ್ಪು ಜಪಾನ್ ಅಥವಾ ಬಿಟುಮೆನ್ ಪೇಂಟ್ ಎರಡು ಕೋಟ್ ಕೊಡಿ. ಕಾಲುಗಳ ತುದಿಯನ್ನು ಕಾಂಕ್ರೀಟ್ ನೆಲದೊಳಗೆ ಹುಗಿಯಬೇಡಿ. ಈಗಾಗಲೇ ಇರುವ ದಾರಂದಕ್ಕೆ ಗೋಡೆಯ ಸಂದಿನಲ್ಲಿ ಹೊರಗೆ ಬಳಸುವ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ಎಳೆಯಿರಿ.

ತೋರಣದ ಮೊಳೆಗಳನ್ನು ನೋಡಿ. ಪ್ರತಿ ಯುಗಾದಿಗೆ ಒಂದೊಂದು ಹೊಸ ಮೊಳೆ, ತುಕ್ಕು ಹಿಡಿದು, ಅದರ ಕೆಳಗೆ ಬೆರಳಷ್ಟು ಉದ್ದದ ಕಪ್ಪು ಗೆರೆ, ಗೆರೆಯ ಮೇಲೆ ಪಾಲಿಶ್ ಗುಳ್ಳೆ. ಎಲ್ಲ ಕಿತ್ತು ತೂತಿಗೆ ಎಪಾಕ್ಸಿ ತುಂಬಿ, ಎರಡು ಹಿತ್ತಾಳೆ ಕೊಕ್ಕೆ ಶಾಶ್ವತವಾಗಿ ಹಾಕಿಬಿಡಿ. ಒಣಗಿದ ಮಾವಿನೆಲೆಯನ್ನು ಮಳೆಗಾಲಕ್ಕೆ ಮುಂಚೆ ತೆಗೆಯಿರಿ, ಒದ್ದೆ ಎಲೆ ಮರಕ್ಕೆ ಅಂಟಿಕೊಂಡು ತೇವ ಹಿಡಿದಿಡುತ್ತದೆ.

9. ಮತ್ತೆ ಕೂರಿಸುವುದು. ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ಒತ್ತಿ ಮುಚ್ಚಬೇಡಿ, ಎನಾಮಲ್ ದಾರಂದಕ್ಕೆ ಅಂಟಿ ಕಿತ್ತು ಬರುತ್ತದೆ. ರಾತ್ರಿ ಮುಚ್ಚಲೇಬೇಕಾದರೆ ತಾಗುವ ಅಂಚಿಗೆ ಮೇಣದಬತ್ತಿ ಉಜ್ಜಿ. ಎಡಬಲಕ್ಕೆ ಸುಮಾರು 3 ಮಿ.ಮೀ. ಸಂದು ಇರಲಿ. ಪಾದದ ಹತ್ತಿರ ಹೊರಮಗ್ಗುಲಿಗೆ ಓರೆಯಾದ ಒಂದು ಮರದ ಪಟ್ಟಿ ಹೊಡೆಸಿದರೆ ಮುಖದಿಂದ ಇಳಿದ ನೀರು ಹೊಸ್ತಿಲಾಚೆ ಬೀಳುತ್ತದೆ. ಪಟ್ಟಿಯ ಅಡಿಯಲ್ಲಿ ಒಂದು ಸಣ್ಣ ಗಾಡಿ ಎಳೆಸಿ, ಇಲ್ಲದಿದ್ದರೆ ನೀರು ಅಡಿಯಲ್ಲೇ ಹರಿದು ಮತ್ತೆ ಕದಕ್ಕೇ ಬರುತ್ತದೆ.

ಹೊಸ್ತಿಲಿಗೆ ಬೇರೆ ಲೆಕ್ಕ

ದಿನಾ ತೊಳೆದು, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಎಳೆಯುವ ಜಾಗಕ್ಕೆ ಪಿಯು ಹೊಡೆಸಿ ಪ್ರಯೋಜನವಿಲ್ಲ. ಕಾಲು ತುಳಿತಕ್ಕೆ ಗೀರು ಬಿದ್ದು ನೀರು ಇಳಿಯುತ್ತದೆ. ಹಳದಿ ಎನಾಮಲ್ ಬಳಿದು ಕೆಂಪಿನಲ್ಲಿ ಚಿತ್ತಾರ ಬರೆಯುವ ಹಳೆ ಪದ್ಧತಿಯೇ ಇದಕ್ಕೆ ಸರಿ, ವರ್ಷಕ್ಕೊಮ್ಮೆ ಬಳಿದರಾಯಿತು. ಬರೀ ಮರ ಕಾಣಬೇಕೆಂದರೆ ಅಗಸೆ ಎಣ್ಣೆ. ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವ ರೂಢಿ ಇದ್ದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಕದ ಬಿಗಿಯಾದರೆ

ಜುಲೈನಲ್ಲಿ ಬಾಗಿಲು ಹಿಡಿಯುತ್ತದೆ ಅಂತ ಆಚಾರ್ರನ್ನು ಕರೆಸಿ ಕೀಸಿಸಬೇಡಿ. ಮರ ಅಗಲಕ್ಕೆ ಹಿಗ್ಗಿದೆ ಅಷ್ಟೇ. ಈಗ ಕೀಸಿದರೆ ಮಾರ್ಚ್‌ನಲ್ಲಿ ಹಲ್ಲಿ ನುಗ್ಗುವಷ್ಟು ಸಂದು ಬಿಡುತ್ತದೆ, ಮೇಲಾಗಿ ಕೀಸಿದ ಹಸಿ ಅಂಚು ಆಶ್ಲೇಷ ಮಳೆಗೆ ಇನ್ನಷ್ಟು ನೀರು ಕುಡಿದು ಮತ್ತೆ ಹಿಗ್ಗುತ್ತದೆ. ಮೊದಲು ಕೀಲಿನ ಸ್ಕ್ರೂ ಸಡಿಲವಾಗಿದೆಯೇ ನೋಡಿ, ಎಷ್ಟೋ ಸಲ ಕದ ಜೋತಿರುವುದೇ ಕಾರಣ. ಹಿಡಿಯುವ ಕಡೆ ಮೇಣ ಅಥವಾ ಒಣ ಸೋಪು ಉಜ್ಜಿ. ಬಾಗಿಲು ಹಾಕಲೇ ಬರುವುದಿಲ್ಲ ಎನ್ನುವಂತಾದರೆ ಮಾತ್ರ ತೀರಾ ತೆಳುವಾಗಿ ಕೀಸಿಸಿ, ಆ ಅಂಚನ್ನು ಅದೇ ದಿನ ಬಟ್ಟೆಯಲ್ಲಿ ಒರೆಸಿ ಒಂದು ಕೋಟ್ ಸೀಲರ್ ಹಚ್ಚಿ. ಅಳತೆ ನೋಡಿ ಸರಿ ಮಾಡಿಸುವ ಕೆಲಸ ಫೆಬ್ರವರಿಗೆ ಇರಲಿ.

ವರ್ಷಕ್ಕೆ ಎರಡು ಸಲ

ಮೃಗಶಿರ ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಬಾಗಿಲನ್ನು ಹತ್ತಿರದಿಂದ ನೋಡಿ. ಬೂಷ್ಟು ಇದ್ದರೆ ಮೆದು ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. ಹೊಳಪು ಮಂಕಾಗಿದೆ ಅನಿಸಿದ ವರ್ಷವೇ ಬೇಸಿಗೆಯಲ್ಲಿ ಒಂದು ಕೋಟ್ ಕೊಡಿ. ನೇರ ಬಿಸಿಲು ಮಳೆಗೆ ನಿಂತ ಪಾರದರ್ಶಕ ಪಾಲಿಶ್‌ಗೆ ಎರಡು ಮೂರು ವರ್ಷಕ್ಕೊಮ್ಮೆ ಇದು ಇದ್ದದ್ದೇ. ಸಿಪ್ಪೆ ಏಳುವವರೆಗೆ ಕಾದರೆ ಮತ್ತೆ ಮೂರನೇ ಹಂತದಿಂದಲೇ ಶುರು, ಕೂಲಿಯೂ ಹಲವು ಪಟ್ಟು.

ಪಾದ ಈಗಾಗಲೇ ಕೊಳೆತಿದ್ದರೆ

ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಮೆತ್ತಗೆ ಒಳಗೆ ಹೋಗುವಷ್ಟು ದೂರ ಮರ ಹೋಗಿದೆ. ಇಂಚು ಎರಡಿಂಚು ಆದರೆ ಅಲ್ಲಿಂದ ಇನ್ನೂ ಎರಡಿಂಚು ಗಟ್ಟಿ ಮರ ಸೇರಿಸಿ ಕೊಯ್ಸಿ, ಒಣಗಿದ ಅದೇ ಜಾತಿಯ ತುಂಡನ್ನು ನೀರಿಗೆ ನಿಲ್ಲುವ ಅಂಟು ಹಾಕಿ ಕೂರಿಸಬಹುದು. ಅದರ ಮೇಲೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡು ಹೊಡೆಸುವುದು ಈಗ ಫ್ಯಾಶನ್ನು. ಹೊಡೆಸುವುದಾದರೆ ತಗಡಿನ ಅಡಿಗೆ ಪೂರ್ತಿ ಕೋಟ್ ಆದ ಮೇಲೆ ಹೊಡೆಸಿ, ಮೇಲಂಚಿಗೆ ಮತ್ತು ಎರಡು ಪಕ್ಕಕ್ಕೆ ಸೀಲೆಂಟ್ ಎಳೆಯಿರಿ, ಕೆಳಂಚನ್ನು ಮಾತ್ರ ತೆರೆದೇ ಬಿಡಿ. ಎಲ್ಲಿಂದಲೋ ಒಳಗೆ ಹೋದ ನೀರು ಅಲ್ಲಿಂದ ಹೊರಗೆ ಬರಲಿ.